ರಿಯೂನಿಯನ್ ದ್ವೀಪದ ಸೇಂಟ್ ಫಿಲಿಪ್: ಲಾವಾದ ಮೇಲೆ ಬೆಳೆದ ಕಾಡನ್ನು ನೋಡುವುದು ಹೇಗೆ?

ಪ್ರಶ್ನೆ: ನಾವು ವಿಜಯಪುರದವರು. ಮಗಳು, ಅಳಿಯ ಮಾರಿಷಸ್‌ನಲ್ಲಿದ್ದಾರೆ. ಬರುವ ಆಗಸ್ಟ್‌ನಲ್ಲಿ ಅವರ ಮನೆಗೆ ಹೋದಾಗ ಪಕ್ಕದ ರಿಯೂನಿಯನ್ ದ್ವೀಪಕ್ಕೂ ಮೂರು ದಿನಗಳ ಮಟ್ಟಿಗೆ ಹೋಗಿಬರುವ ಯೋಚನೆಯಿದೆ. ಅಲ್ಲಿನ ಸೇಂಟ್ ಫಿಲಿಪ್ ಎಂಬ ಕರಾವಳಿ ಪುರಸಭೆಯಲ್ಲಿ ಮನುಷ್ಯರ ಕೈ ತಾಗದ ಮೂಲ ಕಾಡು ಉಳಿದಿದೆಯೆಂದು ಓದಿದ್ದೇವೆ. ಆಗುಂಬೆ, ಕುದುರೆಮುಖ ನೋಡಿದವರಿಗೆ ಅಲ್ಲಿ ಹೊಸದೇನಾದರೂ ಕಂಡೀತೇ? ಜ್ವಾಲಾಮುಖಿಯ ಬುಡದಲ್ಲಿರುವ ಊರೆಂಬ ಭಯವೂ ಇದೆ. ನನ್ನ ಪತ್ನಿಗೆ ಮಂಡಿನೋವು, ಇಬ್ಬರೂ ಸಸ್ಯಾಹಾರಿಗಳು. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಹೋಗಬೇಕಾದ ಜಾಗವೇ ಹೌದು, ಆದರೆ ಆಗುಂಬೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆ ಖಂಡಿತ. ಸೇಂಟ್ ಫಿಲಿಪ್‌ಗೆ ಸೇರಿದ ಮಾರ್ ಲಾಂಗ್ ಕಾಡಿನಲ್ಲಿ ಸಿಂಗಳೀಕವಿಲ್ಲ, ಕಾಳಿಂಗ ಸರ್ಪವಿಲ್ಲ, ಮಂಗಟ್ಟೆ ಹಕ್ಕಿಯ ರೆಕ್ಕೆಬಡಿತವಿಲ್ಲ. ಮರಗಳು ಹದಿನೈದಿಪ್ಪತ್ತು ಮೀಟರ್ ಎತ್ತರಕ್ಕೆ ನಿಂತುಬಿಡುತ್ತವೆ, ಕಾಂಡಗಳು ಸೊಟ್ಟಪಟ್ಟ, ಒಳಗೆ ಹೊಕ್ಕರೆ ಸದ್ದೇ ಇಲ್ಲವೆನ್ನಬಹುದಾದಷ್ಟು ಮೌನ. ಹಾಗಾದರೆ ನೋಡುವುದು ಏನನ್ನು? ಘಟ್ಟದ ಕಾಡು ಎಂದು ಹುಟ್ಟಿತೆಂದು ಕೇಳಿದರೆ ಯಾರೂ ಲೆಕ್ಕ ಹಾಕಿ ಹೇಳಲಾರರು, ಇಲ್ಲಿ ಹೇಳಬಹುದು. ಕೆಲವೇ ಶತಮಾನಗಳ ಹಿಂದೆ ಹರಿದುಬಂದು ತಣಿದ ಲಾವಾದ ಮೇಲೆ, ಮಣ್ಣೆಂಬುದು ಹೆಸರಿಗಷ್ಟೇ ಇರುವ ಬಂಡೆಯ ಮೇಲೆ, ಈ ಕಾಡು ನಿಂತಿದೆ. ಅದಕ್ಕಿಂತ ಕಿರಿಯ ಲಾವಾ ಹರಿವುಗಳು ತಂತಮ್ಮ ವಯಸ್ಸಿಗೆ ತಕ್ಕಷ್ಟು ಹಸಿರನ್ನು ಹೊತ್ತುಕೊಂಡು ಅದೇ ಕರಾವಳಿ ರಸ್ತೆಯಲ್ಲಿ ಒಂದಾದ ಮೇಲೊಂದು ಎದುರಾಗುತ್ತವೆ. ಆದ್ದರಿಂದ ನನ್ನ ಮುಖ್ಯ ಸಲಹೆ ಒಂದೇ: ಮೊದಲು ಬರಿಯ ಲಾವಾವನ್ನು ನೋಡಿ, ಕಾಡಿಗೆ ಆಮೇಲೆ ಹೋಗಿ. ಈ ಕ್ರಮ ತಪ್ಪಿಸಿ, ಕಾರಿನಿಂದಿಳಿದು ನೇರವಾಗಿ ಕಾಡಿಗೆ ನುಗ್ಗಿದ ಎಷ್ಟೋ ಮಂದಿ ‘ಅಲ್ಲೇನಿದೆ, ನಾಲ್ಕು ಕುಳ್ಳು ಮರ’ ಎಂದು ಹಿಂದಿರುಗುವುದನ್ನು ಕೇಳಿದ್ದೇನೆ.

ಜಾಗದ ಪರಿಚಯ ಚುಟುಕಾಗಿ ಹೇಳಿಬಿಡುತ್ತೇನೆ. ಮಡಗಾಸ್ಕರ್‌ನ ಪೂರ್ವಕ್ಕೆ ಸುಮಾರು 700 ಕಿಲೋಮೀಟರ್ ದೂರದಲ್ಲಿ, ಹಿಂದೂ ಮಹಾಸಾಗರದ ನಡುವೆ ಇರುವ ರಿಯೂನಿಯನ್, ಫ್ರಾನ್ಸಿನ ಸಾಗರೋತ್ತರ ಪ್ರಾಂತ್ಯ. ವಿಸ್ತೀರ್ಣ ಸುಮಾರು 2,500 ಚದರ ಕಿಲೋಮೀಟರ್. ದ್ವೀಪದ 24 ಪುರಸಭೆಗಳಲ್ಲಿ ಆಗ್ನೇಯ ಮೂಲೆಯದು ಸೇಂಟ್ ಫಿಲಿಪ್. ಪುರಸಭೆಯೆಂದೊಡನೆ ನಮ್ಮ ಕಣ್ಣಿಗೆ ಬರುವ ಪೇಟೆ ಅದಲ್ಲ. ಸುಮಾರು 154 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಐದು ಸಾವಿರದ ಆಸುಪಾಸಿನ ಜನ, ಅವರೂ ಕಡಲಂಚಿನ ಒಂದೇ ಹೆದ್ದಾರಿಯುದ್ದಕ್ಕೂ ತ್ರಾಂಬ್ಲೆ, ಬರೀಲ್, ಬಾಸ್ ವಾಲೆ ಮುಂತಾದ ಚಿಕ್ಕ ಊರುಗಳಲ್ಲಿ ಹಂಚಿಹೋಗಿದ್ದಾರೆ. ಹೆದ್ದಾರಿಯ ಮೇಲ್ಮಗ್ಗುಲಿಗೆ ಜ್ವಾಲಾಮುಖಿಯ ಇಳಿಜಾರು, ಕೆಳಮಗ್ಗುಲಿಗೆ ಕರಿಯ ಕಲ್ಲಿನ ಕಡಿದಾದ ದಂಡೆ, ಅದರಾಚೆ ತಡೆಯಿಲ್ಲದ ಸಮುದ್ರ.

ನೀವು ವಿಜಯಪುರದವರಾದ್ದರಿಂದ ಇನ್ನೊಂದು ಮಾತು ಸೇರಿಸಬೇಕು. ನಿಮ್ಮೂರಿನ ಎರೆ ಮಣ್ಣು, ಗೋಲಗುಮ್ಮಟ ಕಟ್ಟಿದ ಕಪ್ಪುಕಲ್ಲು ಎರಡೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದ ಲಾವಾದ ಫಲ. ಭೂಗರ್ಭದಲ್ಲಿ ಯಾವ ಬಿಸಿತಾಣ (ಆಳದಿಂದ ಕರಗಿದ ಕಲ್ಲು ಮೇಲೆದ್ದು ಬರುವ ಜಾಗ) ಅಂದು ಆ ಲಾವಾವನ್ನು ಹೊರಹಾಕಿತೋ, ಅದೇ ಇಂದು ರಿಯೂನಿಯನ್ನಿನ ಕೆಳಗಿದೆ ಎಂಬುದು ಭೂವಿಜ್ಞಾನಿಗಳಲ್ಲಿ ಬಹುಪಾಲು ಮಂದಿ ಒಪ್ಪಿರುವ ವಿವರಣೆ. ಭಾರತದ ಭೂಫಲಕ ಉತ್ತರಕ್ಕೆ ಸರಿಯಿತು, ಬಿಸಿತಾಣ ಹೆಚ್ಚುಕಡಿಮೆ ಇದ್ದಲ್ಲಿಯೇ ಉಳಿಯಿತು. ನಡುವಿನ ಪಯಣದ ಗುರುತಾಗಿ ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್‌ಗಳ ಅಡಿಯ ದಿಣ್ಣೆಯೂ ನಿಮ್ಮ ಮಗಳಿರುವ ಮಾರಿಷಸ್ಸೂ ಸಾಲಾಗಿ ಹುಟ್ಟಿಕೊಂಡವು. ಅಂದರೆ ತ್ರಾಂಬ್ಲೆಯ ಬಳಿ ನೀವು ಕಾಲಿಡುವ ಲಾವಾ, ನಿಮ್ಮ ಹೊಲದ ಅಡಿಗಲ್ಲಿಗೆ ವಂಶದಲ್ಲಿ ತೀರ ಕಿರಿಯದು.

ಈಗ ಭಯದ ವಿಚಾರ. ಪಿಟಾನ್ ದ ಲಾ ಫೂರ್ನೇಜ್ ಎಂಬ ಈ ಜ್ವಾಲಾಮುಖಿ 2,632 ಮೀಟರ್ ಎತ್ತರವಿದ್ದು, ಜಗತ್ತಿನ ಅತ್ಯಂತ ಚಟುವಟಿಕೆಯ ಜ್ವಾಲಾಮುಖಿಗಳಲ್ಲಿ ಒಂದು. ಕೆಲವು ವರ್ಷ ಸುಮ್ಮನಿದ್ದರೂ ಇನ್ನು ಕೆಲವು ವರ್ಷ ಎರಡು ಮೂರು ಬಾರಿ ಉಕ್ಕುತ್ತದೆ. ಆದರೆ ಅದು ಸಾಮಾನ್ಯವಾಗಿ ಸಿಡಿದು ಊರನ್ನು ಬೂದಿಯಲ್ಲಿ ಹೂಳುವ ಜಾತಿಯದಲ್ಲ, ತೆಳುವಾದ ಲಾವಾವನ್ನು ಹರಿಯಬಿಡುವ ಜಾತಿಯದು. ಅದಕ್ಕಿಂತ ಮುಖ್ಯವಾಗಿ, ಬಹುಪಾಲು ಉಕ್ಕುವಿಕೆಗಳು ಆಂಕ್ಲೋ ಎಂದು ಕರೆಯುವ, ಮೂರು ಕಡೆ ಎತ್ತರದ ಬಂಡೆಗೋಡೆಗಳಿದ್ದು ಸಮುದ್ರದ ಕಡೆಗೆ ಮಾತ್ರ ತೆರೆದಿರುವ, ಲಾಳದಾಕಾರದ ದೊಡ್ಡ ತಗ್ಗಿನೊಳಗೇ ನಡೆಯುತ್ತವೆ. ಆ ತಗ್ಗು ಕಡಲಿಗೆ ಇಳಿಯುವ ಭಾಗವೇ ಗ್ರಾಂ ಬ್ರೂಲೆ. ಅಲ್ಲಿ ಊರಿಲ್ಲ, ಹೆದ್ದಾರಿ ಮಾತ್ರ ಹಾದುಹೋಗುತ್ತದೆ, ಲಾವಾ ಬಂದಾಗಲೆಲ್ಲ ರಸ್ತೆ ಹೂತುಹೋಗುತ್ತದೆ, ಮತ್ತೆ ಹೊಸದಾಗಿ ಹಾಕುತ್ತಾರೆ.

ಗೋಡೆಯ ಹೊರಗೆ ಲಾವಾ ಬಂದ ಸಂದರ್ಭಗಳೂ ಇವೆ, ಅದನ್ನು ಮುಚ್ಚಿಡಬಾರದು. 1977ರ ಏಪ್ರಿಲ್‌ನಲ್ಲಿ ಉತ್ತರದ ಕಡೆ ಪಿಟಾನ್ ಸೇಂಟ್ ರೋಸ್ ಗ್ರಾಮಕ್ಕೆ ನುಗ್ಗಿದ ಲಾವಾ ಮನೆಗಳನ್ನು ಸುಟ್ಟು, ಚರ್ಚಿನ ಬಾಗಿಲವರೆಗೆ ಬಂದು ಎರಡಾಗಿ ಕವಲೊಡೆದು ನಿಂತಿತು. 1986ರ ಮಾರ್ಚ್‌ನಲ್ಲಿ ದಕ್ಷಿಣದ ಕಡೆ, ಅಂದರೆ ಸೇಂಟ್ ಫಿಲಿಪ್‌ನ ವ್ಯಾಪ್ತಿಯಲ್ಲಿಯೇ, ನೆಲ ಬಿರಿದು ತಾಕಾಮಾಕಾ ಎಂಬಲ್ಲಿ ಕೆಲವು ಮನೆಗಳು ಹೋದವು. ಕಡಲಿಗಿಳಿದ ಲಾವಾ ಪ್ವಾಂತ್ ದ ಲಾ ತಾಬ್ಲ್ ಎಂಬ ಹೊಸ ನೆಲವನ್ನೇ ಸೃಷ್ಟಿಸಿತು. 2007ರ ಏಪ್ರಿಲ್ ಆರಂಭದಲ್ಲಿ ಬಂದದ್ದು ಇತ್ತೀಚಿನ ಶತಮಾನಗಳ ದೊಡ್ಡ ಉಕ್ಕುವಿಕೆಗಳಲ್ಲೊಂದು: ದಕ್ಷಿಣದ ಗೋಡೆಗೆ ಒತ್ತಿಕೊಂಡಂತೆ ಬಾಯ್ದೆರೆದ ಬಿರುಕಿನಿಂದ ಹೊರಟ ಲಾವಾ ಕೆಲವೇ ಗಂಟೆಗಳಲ್ಲಿ ಹೆದ್ದಾರಿ ದಾಟಿ ಸಮುದ್ರ ಸೇರಿತು, ತ್ರಾಂಬ್ಲೆಯ ಜನರನ್ನು ಮನೆಯಿಂದ ಹೊರಡಿಸಬೇಕಾಯಿತು, ಶಿಖರದ ದೊಲೊಮಿಯೂ ಕುಳಿಯ ತಳ 300 ಮೀಟರಿಗೂ ಹೆಚ್ಚು ಕುಸಿಯಿತು. ಕುದಿಯುವ ಕಡಲಿನಲ್ಲಿ ಸತ್ತು ತೇಲಿದ ಆಳಸಮುದ್ರದ ಮೀನುಗಳನ್ನು ಜೀವವಿಜ್ಞಾನಿಗಳು ಆಯ್ದು ಅಧ್ಯಯನ ಮಾಡಿದರು. ಅವುಗಳಲ್ಲಿ ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದವೂ ಇದ್ದವು. ಈ ಯಾವ ಘಟನೆಯಲ್ಲಿಯೂ ಊರಿನವರ ಜೀವಹಾನಿಯಾಗಲಿಲ್ಲ. 1977ರ ಅನುಭವದ ನಂತರ ಬೂರ್ ಮ್ಯುರಾ ಎಂಬಲ್ಲಿ ಜ್ವಾಲಾಮುಖಿ ವೀಕ್ಷಣಾಲಯ ಸ್ಥಾಪನೆಯಾಯಿತು. ನೆಲದ ಕಂಪನ, ಉಬ್ಬುವಿಕೆ, ಅನಿಲಗಳನ್ನು ಅದು ನಿರಂತರವಾಗಿ ಅಳೆಯುತ್ತದೆ, ಲಕ್ಷಣ ಕಂಡೊಡನೆ ಆಡಳಿತ ಆಂಕ್ಲೋವನ್ನು ಮುಚ್ಚಿಸುತ್ತದೆ. ಪ್ರವಾಸಿಗೆ ಎದುರಾಗುವ ನಿಜವಾದ ತೊಂದರೆ ಪ್ರಾಣಭಯವಲ್ಲ, ರಸ್ತೆ ಬಂದ್ ಆಗುವುದು. ಹೊರಡುವ ಹಿಂದಿನ ದಿನ ಗ್ರಾಂ ಬ್ರೂಲೆಯ ರಸ್ತೆ ತೆರೆದಿದೆಯೇ ಎಂದು ತಂಗುವ ಮನೆಯವರನ್ನು ಕೇಳಿಕೊಳ್ಳಿ. ಮುಚ್ಚಿದ್ದರೆ ಸೇಂಟ್ ಪಿಯೇರ್ ಕಡೆಯಿಂದ ಸುತ್ತಿ ಬರಬೇಕಾಗುತ್ತದೆ. ಇಲ್ಲಿಯೇ ಇನ್ನೊಂದು ಎಚ್ಚರಿಕೆ: ಜ್ವಾಲಾಮುಖಿಯ ಶಿಖರ ನೋಡಲು ಹೋಗುವ ವಾಹನದ ದಾರಿ ಬೂರ್ ಮ್ಯುರಾದಿಂದ ಹೊರಡುತ್ತದೆಯೇ ಹೊರತು ಸೇಂಟ್ ಫಿಲಿಪ್‌ನಿಂದಲ್ಲ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಮೂರು ದಿನಗಳಲ್ಲಿ ಸೇಂಟ್ ಫಿಲಿಪ್‌ನ ಆಸುಪಾಸಿನಲ್ಲಿಯೇ ಎರಡು ರಾತ್ರಿ ತಂಗಿ. ರಾಜಧಾನಿ ಸೇಂಟ್ ಡೆನಿಸ್ ಬಳಿಯ ವಿಮಾನ ನಿಲ್ದಾಣದಿಂದ ಬರಲು ಎರಡು ದಾರಿಗಳಿವೆ. ಪಶ್ಚಿಮದ ಕಡಲತೀರ ಬಳಸಿ ಬರುವ ಚತುಷ್ಪಥ ರಸ್ತೆಯನ್ನು ನಕಾಶೆಯ ಆ್ಯಪ್ ಸೂಚಿಸಿದರೂ ನೀವು ಪೂರ್ವದ ದಾರಿಯಲ್ಲಿಯೇ, ಸೇಂಟ್ ಬೆನುವಾ, ಸೇಂಟ್ ರೋಸ್ ಮೂಲಕ ಬನ್ನಿ. ಹಾಗೆ ಬಂದರೆ ಮೊದಲು 1977ರ ಚರ್ಚು, ನಂತರ ಗ್ರಾಂ ಬ್ರೂಲೆಯ ಹೊಸ ಲಾವಾಗಳು, ಅನಂತರ ತ್ರಾಂಬ್ಲೆ, 1986ರ ನೆಲ, ಪುರಸಭೆಯ ಕೇಂದ್ರ, ಕೊನೆಗೆ ಮಾರ್ ಲಾಂಗ್ ಕಾಡು ಎದುರಾಗುತ್ತವೆ. ನಾನು ಮೇಲೆ ಹೇಳಿದ ಕ್ರಮವನ್ನು ರಸ್ತೆಯೇ ಜೋಡಿಸಿಕೊಟ್ಟಿದೆ.

ಗ್ರಾಂ ಬ್ರೂಲೆಯಲ್ಲಿ ರಸ್ತೆ ಪ್ರತಿ ಲಾವಾ ಹರಿವನ್ನು ದಾಟುವಲ್ಲಿಯೂ ಅದರ ಇಸವಿಯನ್ನು ಬರೆದ ಫಲಕವಿರುತ್ತದೆ. ವಾಹನ ನಿಲ್ಲಿಸಲು ಅವಕಾಶವಿರುವ ಕಡೆಗಳಲ್ಲಿ ಇಳಿದು, ಫಲಕದ ಇಸವಿ ಓದಿ, ಆಮೇಲೆ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ನೋಡಿ. (ನಿಮ್ಮ ಪತ್ನಿಯವರು ನಿಂತೇ ನೋಡಿದರೂ ಸಾಕು.) ಲಾವಾ ಎರಡು ಬಗೆಯದು: ಒಂದು, ಹಗ್ಗ ಸುತ್ತಿಟ್ಟಂತೆ ಮಡಿಕೆ ಮಡಿಕೆಯಾಗಿ ನುಣುಪಾಗಿ ಹೆಪ್ಪುಗಟ್ಟಿದ್ದು, ಇನ್ನೊಂದು, ಸ್ಥಳೀಯರು ಗ್ರಾತೋಂ ಎನ್ನುವ, ಮುಟ್ಟಿದರೆ ಕೈ ಕೊಯ್ಯುವ ಮುರುಕು ಚೂರುಗಳ ರಾಶಿ. ಕೆಲವು ವರ್ಷದ ಲಾವಾದ ಮೇಲೆ ಬೂದುಬಿಳಿ ಬಣ್ಣದ, ಬೆರಳ ತುದಿಯಷ್ಟೆತ್ತರದ, ಚಿಕ್ಕ ಹವಳದ ಪೊದೆಯಂಥ ಕಲ್ಲುಹೂವು ಕವಿದಿರುತ್ತದೆ. ಸ್ಟೀರಿಯೊಕಾಲಾನ್ ಕುಲದ ಈ ಕಲ್ಲುಹೂವು ಹಬ್ಬಿದ ಲಾವಾ ದೂರದಿಂದ ಕಪ್ಪಾಗಿ ಕಾಣುವ ಬದಲು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅದಾದ ಮೇಲೆ ಬಿರುಕುಗಳಲ್ಲಿ ಜರಿಗಿಡಗಳು. ಬಿಸಿಲಿಗೆ ಕಾದು ಉರಿಯುವ ಬಂಡೆಯಲ್ಲಿ ಜರಿಗಿಡವೇ ಎಂದು ಆಶ್ಚರ್ಯವಾದೀತು. ವ್ಯಾಪಾರಿ ಮಾರುತ ನೇರವಾಗಿ ಬಂದು ಬಡಿಯುವ ಈ ಮಗ್ಗುಲಿಗೆ ವರ್ಷವಿಡೀ ಮಳೆ ಬೀಳುವುದರಿಂದ ಬಿರುಕಿನೊಳಗೆ ತೇವ ಆರುವುದೇ ಇಲ್ಲ. ಇನ್ನೂ ಹಳೆಯ ಹರಿವಿಗೆ ಬಂದರೆ ಪೊದೆಗಳು, ಎಳೆ ಮರಗಳು. ಇದನ್ನು ಕಣ್ಣಾರೆ ಕಂಡು ಒಂದು ಗಂಟೆಯೊಳಗೆ ಮಾರ್ ಲಾಂಗ್‌ನ ನೆರಳಿಗೆ ಹೋದಾಗ, ಕಾಲ ಕೆಳಗಿರುವುದು ಅದೇ ಹಗ್ಗದ ಮಡಿಕೆಯ ಬಂಡೆಯೆಂದು ನಿಮಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಮಾರ್ ಲಾಂಗ್‌ಗೆ ಹೆದ್ದಾರಿಯಿಂದ ಮೇಲಕ್ಕೆ ಕವಲೊಡೆಯುವ ಅರಣ್ಯ ರಸ್ತೆಯಲ್ಲಿ ಕಾರಿನಲ್ಲಿಯೇ ಹೋಗಬಹುದು. ದಾರಿಯಲ್ಲಿ ಸಂಬಾರ ಮತ್ತು ಸುಗಂಧ ಗಿಡಗಳ ಒಂದು ಖಾಸಗಿ ತೋಟವಿದ್ದು, ಮಾರ್ಗದರ್ಶಕರ ಜೊತೆ ನೋಡಬಹುದು. ಏಲಕ್ಕಿ, ದಾಲ್ಚಿನ್ನಿ, ಲವಂಗ ಕಂಡು ಬೆಳೆದ ಕನ್ನಡಿಗರು ಅದಕ್ಕೆ ಸಮಯ ಕೊಡಲೇಬೇಕೆಂದು ನನಗನ್ನಿಸುವುದಿಲ್ಲ. ಅದರಾಚೆ ಸಸ್ಯ ಪರಿಚಯದ ಕಾಲುದಾರಿ ಸಿಗುತ್ತದೆ, ಮುಖ್ಯ ಮರಗಳಿಗೆ ಹೆಸರಿನ ಪಟ್ಟಿ ಹಾಕಿದ್ದಾರೆ. ನಿಧಾನವಾಗಿ ನಡೆದರೂ ಸುಮಾರು ಒಂದು ಗಂಟೆಯ ದಾರಿ. ಒಂದು ಕಾಲದಲ್ಲಿ ದ್ವೀಪದ ತಗ್ಗು ಪ್ರದೇಶವನ್ನೆಲ್ಲ ಮುಚ್ಚಿದ್ದ ಮಳೆಕಾಡಿನಲ್ಲಿ ಬಹುಪಾಲು ಕಬ್ಬಿನ ಗದ್ದೆಗೆ, ಊರಿಗೆ ಆಹುತಿಯಾಗಿ, ಉಳಿದ ಚೂರುಗಳಲ್ಲಿ ಅತ್ಯುತ್ತಮವಾದದ್ದು ಇದು. ನೇಗಿಲು ಇಳಿಯದ ಬಂಡೆಯ ಮೇಲೆ ಬೆಳೆದದ್ದೇ ಅದನ್ನು ಕಾಪಾಡಿತು. 1980ರ ದಶಕದಲ್ಲಿ ಮೀಸಲು ಪ್ರದೇಶವಾಗಿದ್ದ ಕಾಡು 2007ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನದ ಒಳಭಾಗಕ್ಕೆ ಸೇರಿತು. 2010ರಲ್ಲಿ ದ್ವೀಪದ ಶಿಖರಗಳು, ಕಣಿವೆಗಳು, ಬಂಡೆಗೋಡೆಗಳೆಲ್ಲ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೂ ಬಂದವು.

ಒಳಗೆ ನಿಮಗೆ ಅಪರಿಚಿತರ ನಡುವೆ ನೆಂಟರು ಸಿಗುತ್ತಾರೆ. ತಾಕಾಮಾಕಾ ಮರ ನಮ್ಮ ಸುರಹೊನ್ನೆಯ ಕುಲದ್ದು. ಗ್ರಾಂ ನಾತ್ ಎಂಬುದು ರಂಜದ ಮರದ ಕುಲದ್ದು. ಬ್ವಾ ದ ಪೋಮ್ ಎಂದು ಕರೆಯುವ ಮರಗಳು ನೇರಳೆಯ ಬಳಗ. ಶಾಂಜ್ ಎಕೋರ್ಸ್ ಎಂಬ ಮರದ ತೊಗಟೆ ಕಾಗದದಂತೆ ಸುಲಿದು ಬೀಳುತ್ತಿರುತ್ತದೆ, ಸುಲಿದ ಜಾಗದಲ್ಲಿ ಕಾಂಡ ನುಣುಪು. ಆದರೆ ನಾನು ಎಲ್ಲರಿಗೂ ತಪ್ಪದೆ ನೋಡಲು ಹೇಳುವುದು ಬ್ವಾ ರೂಜ್ ಎಂಬ ಮರದ ಸಸಿಯನ್ನು. ದೊಡ್ಡ ಮರದ ಎಲೆ ಅಗಲವಾಗಿ, ದಪ್ಪವಾಗಿ, ಸಾಮಾನ್ಯವಾಗಿದೆ. ಅದರ ಬುಡದಲ್ಲಿಯೇ ಹುಟ್ಟಿದ ಸಸಿಯ ಎಲೆ ಮಾತ್ರ ಗೇಣುದ್ದದ, ಕಿರಿದಾದ ಪಟ್ಟಿ, ನಡುನರ ಕೆಂಪು. ಎರಡೂ ಒಂದೇ ಮರವೆಂದು ನಂಬುವುದು ಕಷ್ಟ. ಈ ದ್ವೀಪಗಳ ಹಲವಾರು ಮರಗಳಲ್ಲಿ ಈ ಇಬ್ಬಗೆ ಇದೆ. ಮನುಷ್ಯರು ಬರುವ ಮೊದಲು ಇಲ್ಲಿ ಗೊರಸಿನ ಪ್ರಾಣಿಗಳಿರಲಿಲ್ಲ, ಸೊಪ್ಪು ಮೇಯುತ್ತಿದ್ದುದು ದೈತ್ಯ ಆಮೆಗಳು. ಆಮೆಯ ಕತ್ತು ಎಟುಕುವ ಎತ್ತರದಲ್ಲಿರುವಷ್ಟು ಕಾಲ ಗಿಡ ಬೇರೆಯದೇ ವೇಷ ತೊಟ್ಟು ತಪ್ಪಿಸಿಕೊಳ್ಳುತ್ತಿತ್ತು ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಮುಖ್ಯವಾದದ್ದು. ಆಮೆಗಳನ್ನು ನಾವಿಕರೂ ವಲಸಿಗರೂ ತಿಂದು ಮುಗಿಸಿದರು. ಸಸಿ ಇನ್ನೂ ಅದೇ ವೇಷದಲ್ಲಿದೆ.

ಮರಗಳು ಕುಳ್ಳಾಗಿರುವುದಕ್ಕೂ ಕಾರಣವಿದೆ. ಪ್ರತಿ ಬೇಸಿಗೆಯಲ್ಲಿಯೂ ಈ ಸಮುದ್ರದಲ್ಲಿ ಚಂಡಮಾರುತಗಳು ಏಳುತ್ತವೆ. ಎತ್ತರಕ್ಕೆ ಚಾಚಿದ ಮರ ಉಳಿಯುವುದಿಲ್ಲ. ಮಣ್ಣಿಲ್ಲದ ಕಡೆ ಆಳಕ್ಕೆ ಇಳಿಯಲಾಗದ ಬೇರು ಬಂಡೆಯ ಮೇಲೆಯೇ ಹಾವಿನಂತೆ ಹರಡಿ, ಪಕ್ಕದ ಮರದ ಬೇರಿನೊಂದಿಗೆ ಹೆಣೆದುಕೊಂಡಿರುತ್ತದೆ. ಬಲವಾದ ಗಾಳಿ ಬಂದುಹೋದ ಮೇಲೆ ಎಲೆಯೆಲ್ಲ ಉದುರಿ ಕಡ್ಡಿಯಂತಾದ ಮರಗಳು ಕೆಲವು ತಿಂಗಳಲ್ಲಿ ಮತ್ತೆ ಚಿಗುರುತ್ತವೆ. ಕಾಂಡದ ಮೇಲೆ ಹಕ್ಕಿಗೂಡಿನಾಕಾರದ ಜರಿಗಳು, ಪಾಚಿ, ಸೀತಾಳೆ ಹೂಗಳು ಒಂದಿಂಚೂ ಬಿಡದೆ ಹತ್ತಿಕೊಂಡಿರುವುದನ್ನು ನೋಡಿದರೆ ನಿಮಗೆ ಕುದುರೆಮುಖದ ಶೋಲಾ ನೆನಪಾದೀತು. ಸೀತಾಳೆಗಳ ಬಗ್ಗೆ ಒಂದು ಸಂಗತಿ: ಮಡಗಾಸ್ಕರ್‌ನಲ್ಲಿ ಇದೇ ಆಂಗ್ರೀಕಮ್ ಕುಲದ ಹೂಗಳಿಗೆ ಉದ್ದ ಸೊಂಡಿಲಿನ ಪತಂಗಗಳು ಪರಾಗ ಮುಟ್ಟಿಸುತ್ತವೆ. ರಿಯೂನಿಯನ್ನಿನಲ್ಲಿ ಕೆಲವು ಜಾತಿಗಳು ಆ ಕೆಲಸವನ್ನು ಬೆಳ್ಗಣ್ಣ ಹಕ್ಕಿಗಳಿಗೆ ಒಪ್ಪಿಸಿವೆ, ಒಂದು ಜಾತಿಯಂತೂ ರಾತ್ರಿ ಸಂಚರಿಸುವ ಮಿಡತೆ ಬಳಗದ ಕೀಟಕ್ಕೆ ಒಪ್ಪಿಸಿದೆ. ಇದನ್ನು 2010ರಲ್ಲಿ ಸಂಶೋಧಕರು ಪ್ರಕಟಿಸಿದಾಗ, ಮಿಡತೆ ಬಳಗದ ಕೀಟ ಹೂವಿಗೆ ನಿಜವಾದ ಪರಾಗವಾಹಕವಾಗಿರುವ ಮೊದಲ ಸ್ಪಷ್ಟ ನಿದರ್ಶನವದು ಎನಿಸಿತು.

ನೀವು ಬರೆದ ‘ಮನುಷ್ಯರ ಕೈ ತಾಗದ ಕಾಡು’ ಎಂಬ ಮಾತನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ಹದಿನೇಳನೆಯ ಶತಮಾನದಲ್ಲಿ ಜನ ಬಂದು ನೆಲೆಸುವವರೆಗೆ ಈ ದ್ವೀಪದಲ್ಲಿ ಮನುಷ್ಯರೇ ಇರಲಿಲ್ಲ. ಬಂದ ಎರಡು ಶತಮಾನಗಳೊಳಗೆ ಆಮೆಗಳು, ಹಣ್ಣುಬಾವಲಿಗಳು, ಗಿಳಿಗಳು ಇಲ್ಲವಾದವು. ದೊಡ್ಡ ಬೀಜದ ಹಣ್ಣುಗಳನ್ನು ನುಂಗಿ ದೂರಕ್ಕೆ ಒಯ್ಯುತ್ತಿದ್ದವರು ಅವರೇ. ಅವರು ಹೋದ ಮೇಲೆ ಹರಿದ ಲಾವಾಗಳ ಮೇಲೆ ಗಾಳಿಯಲ್ಲಿ ತೇಲಿಬರುವ ಬೀಜ, ಜರಿಗಳ ಬೀಜಾಣು ತಲುಪುತ್ತಿವೆಯೇ ಹೊರತು ಮಾರ್ ಲಾಂಗ್‌ನ ದೊಡ್ಡ ಮರಗಳ ಬೀಜ ತಲುಪುತ್ತಿಲ್ಲವೆಂದು ವಿವಿಧ ವಯಸ್ಸಿನ ಹರಿವುಗಳನ್ನು ಹೋಲಿಸಿದ ಅಧ್ಯಯನಗಳು ತೋರಿಸಿವೆ. ಅಂದರೆ ಇಂದು ಬರಿದಾಗಿ ಕಾಣುವ 2007ರ ಲಾವಾ ಮುಂದೊಂದು ದಿನ ಮಾರ್ ಲಾಂಗ್ ಆಗಿಯೇ ಬಿಡುತ್ತದೆಂದು ಭಾವಿಸಬಾರದು. ಅತ್ತ ಬಾವಲಿಗಳು ಕೆಲವು ವರ್ಷಗಳಿಂದ ದ್ವೀಪದಲ್ಲಿ ಮತ್ತೆ ಕಾಣಿಸಿಕೊಂಡಿವೆ, ಸಂಖ್ಯೆ ಇನ್ನೂ ಚಿಕ್ಕದು.

ಖಾಲಿ ಬಿಟ್ಟ ಜಾಗಕ್ಕೆ ಬಂದವರು ಬೇರೆ. ದಾರಿಯ ಎರಡೂ ಬದಿಯಲ್ಲಿ ಒತ್ತೊತ್ತಾಗಿ ನಿಂತ, ನುಣುಪು ಕಾಂಡದ, ಕೆಂಪು ಪುಟ್ಟ ಹಣ್ಣಿನ ಸೀಬೆಯ ಪೊದೆಗಳು ಬ್ರೆಜಿಲ್ ಕಡೆಯವು. ಅವುಗಳ ನೆರಳಲ್ಲಿ ಮೂಲ ಮರದ ಸಸಿ ಏಳುವುದಿಲ್ಲ. ಪನ್ನೇರಳೆ ಇಲ್ಲಿ ಹಳ್ಳಗಳನ್ನು ಮುಚ್ಚುವ ಕಳೆ. ನಮ್ಮ ತೋಟಗಳಲ್ಲಿ ಕಂಡೊಡನೆ ಮುದ್ದೆನಿಸುವ ಕೆಮ್ಮೀಸೆ ಪಿಕಳಾರ 1970ರ ದಶಕದಲ್ಲಿ ದ್ವೀಪಕ್ಕೆ ಬಂದು, ಕಳೆಗಿಡಗಳ ಹಣ್ಣು ತಿಂದು ಬೀಜ ಹರಡುವ ಪಿಡುಗಾಗಿದೆ. ಗೊರವಂಕವನ್ನು ಹದಿನೆಂಟನೆಯ ಶತಮಾನದಲ್ಲಿಯೇ ಮಿಡತೆ ಹತೋಟಿಗೆಂದು ಭಾರತದಿಂದ ತರಿಸಿದ್ದರು. ಏಷ್ಯಾದಿಂದ ಬಂದ ಒಂದು ಮುಳ್ಳುಬಳ್ಳಿಯ ವಿರುದ್ಧ 2008ರ ಹೊತ್ತಿಗೆ ಸುಮಾತ್ರಾದ ಒಂದು ಕೀಟವನ್ನು ಬಿಡಲಾಯಿತು. ತಗ್ಗು ಪ್ರದೇಶದಲ್ಲಿ ಬಳ್ಳಿ ನಿಜಕ್ಕೂ ಕುಗ್ಗಿತು, ಆದರೆ ತಮ್ಮ ಜೇನಿಗೆ ಕುತ್ತು ಬಂತೆಂದು ಜೇನುಸಾಕಣೆಯವರು ಗಲಾಟೆ ಎಬ್ಬಿಸಿದರು, ತೆರವಾದ ಜಾಗಕ್ಕೆ ಎಷ್ಟೋ ಕಡೆ ಬೇರೆ ಕಳೆಗಳೇ ನುಗ್ಗಿದವು. ನೀವು ಮಾಡಬೇಕಾದದ್ದು ಇಷ್ಟೇ: ಮಾರಿಷಸ್‌ನಲ್ಲಿ ತೊಟ್ಟ ಬೂಟಿನ ತಳವನ್ನು ಹೊರಡುವ ಮುನ್ನ ಚೆನ್ನಾಗಿ ಉಜ್ಜಿ ತೊಳೆಯಿರಿ, ಕಾಡಿನಿಂದ ಒಂದೆಲೆಯನ್ನೂ ಕೀಳಬೇಡಿ.

ಮಂಡಿನೋವಿನವರಿಗೆ ಕಾಡಿನ ಕಾಲುದಾರಿ ಪೂರ್ತಿ ಒಗ್ಗುವುದಿಲ್ಲವೆಂದು ಮೊದಲೇ ಹೇಳುವುದು ಒಳ್ಳೆಯದು. ಏರು ಹೆಚ್ಚಿಲ್ಲ, ಆದರೆ ಕಾಲಿಡುವಲ್ಲೆಲ್ಲ ಉಬ್ಬುತಗ್ಗಿನ ಬಂಡೆ, ಬೇರು. ಒದ್ದೆಯಾದರೆ ಸೋಪು ಹಚ್ಚಿದಷ್ಟು ಜಾರು, ಮತ್ತು ಅದು ಒದ್ದೆಯಾಗಿರದ ದಿನ ಅಪರೂಪ. ನಿಮ್ಮ ಪತ್ನಿಯವರು ಊರುಗೋಲು ಹಿಡಿದು ಆರಂಭದ ಸ್ವಲ್ಪ ದೂರ ಹೋಗಿ ಬಂದರೂ ಬ್ವಾ ರೂಜ್ ಸಸಿ, ಬಂಡೆಯ ಮೇಲಿನ ಬೇರು ಎಲ್ಲವೂ ಕಾಣಸಿಗುತ್ತವೆ. ಅದೂ ಬೇಡವೆಂದರೆ ಅರಣ್ಯ ರಸ್ತೆಯ ಮೇಲೆಯೇ ನಡೆಯಬಹುದು, ಕಾಡು ರಸ್ತೆಯ ಅಂಚಿನವರೆಗೂ ಬಂದಿದೆ. 2004ರ ಹರಿವಿನೊಳಗಿನ ಲಾವಾ ಸುರಂಗಗಳಿಗೆ ಮಾರ್ಗದರ್ಶಕರು ಕರೆದೊಯ್ಯುತ್ತಾರೆ. ತೆವಳಬೇಕಾದ ಕಡೆಗಳಿರುವುದರಿಂದ ಅದನ್ನು ಮಗಳು, ಅಳಿಯನಿಗೆ ಬಿಟ್ಟುಬಿಡಿ.

ಕಡಲತೀರದಲ್ಲಿ ಪ್ಯೂಯಿ ಅರಾಬ್ ಎಂಬ ಹಳೆಯ ಬಾವಿಯ ಬಳಿ ವಾಹನ ನಿಲ್ಲಿಸಿ 1986ರ ಲಾವಾ ದಂಡೆಯನ್ನು ನೋಡಬಹುದು. ಬಾಸ್ ವಾಲೆಯ ಕಾಪ್ ಮೆಶಾಂ ಎಂಬ ಬಂಡೆಯ ತುದಿಯಲ್ಲಿ ಅಲೆಗಳ ಹೊಡೆತ ನೋಡಲು ಸೊಗಸು, ನೆಲ ಸಮತಟ್ಟಾಗಿದೆ, ಪಕ್ಕದಲ್ಲಿ ಹೋಟೆಲುಗಳಿವೆ. ನೀರಿಗೆ ಮಾತ್ರ ಇಳಿಯಬೇಡಿ. ಈ ಭಾಗದಲ್ಲಿ ಹವಳದ ದಿಬ್ಬದ ರಕ್ಷಣೆಯಿಲ್ಲ. ಶಾರ್ಕ್ ದಾಳಿಗಳ ನಂತರ 2013ರಿಂದ ದ್ವೀಪದಲ್ಲಿ ಲಗೂನ್ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು) ಮತ್ತು ಕಾವಲಿರುವ ಜಾಗಗಳ ಹೊರಗೆ ಈಜುವುದಕ್ಕೆ ನಿರ್ಬಂಧವೂ ಇದೆ. ತೀರದುದ್ದಕ್ಕೂ ಕಾಣುವ, ಕಾಲುಗಳ ಮೇಲೆ ಎದ್ದುನಿಂತಂಥ ಮರಗಳು ವಾಕೋವಾ. ನಮ್ಮ ಕೇದಗೆಯ ಬಳಗದವು. ಮುಳ್ಳು ತೆಗೆದು ಒಣಗಿಸಿದ ಅದರ ಎಲೆಯಿಂದ ಹಿಂದೆ ಸಕ್ಕರೆಯ ಚೀಲ ಹೆಣೆಯುತ್ತಿದ್ದರು. ಗೋಣಿಚೀಲ ಬಂದ ಮೇಲೆ ಆ ಕಸುಬು ಸೊರಗಿ ಈಗ ಬುಟ್ಟಿ, ಟೋಪಿ, ಬೆನ್ನುಚೀಲಗಳಲ್ಲಿ ಉಳಿದಿದೆ. ಸೇಂಟ್ ಫಿಲಿಪ್‌ನಲ್ಲಿ ವಾಕೋವಾ ಹಬ್ಬ ಸಾಮಾನ್ಯವಾಗಿ ಆಗಸ್ಟ್‌ನಲ್ಲಿಯೇ ನಡೆಯುತ್ತದೆ, ನಿಮ್ಮ ದಿನಗಳು ಹೊಂದಿದರೆ ಹೆಣೆಯುವವರನ್ನು ಎದುರಿಗೇ ಕೂತು ನೋಡಬಹುದು.

ಆಗಸ್ಟ್‌ನಲ್ಲಿ ನೋಡಬೇಕಾದ ಇನ್ನೊಂದು ಕೆಲಸ ವೆನಿಲ್ಲಾದ್ದು. ವೆನಿಲ್ಲಾ ಬಳ್ಳಿ ಮೆಕ್ಸಿಕೋ ಕಡೆಯದು. ಇಲ್ಲಿಗೆ ತಂದಾಗ ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. 1841ರಲ್ಲಿ ಇದೇ ದ್ವೀಪದ ಸೇಂಟ್ ಸ್ಯೂಜಾನ್‌ನಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ, ಹೂವಿನೊಳಗಿನ ತೆಳು ಪರದೆಯನ್ನು ಕಡ್ಡಿಯಿಂದ ಮೇಲೆತ್ತಿ ಹೆಬ್ಬೆರಳಿನಿಂದ ಪರಾಗವನ್ನು ಒತ್ತುವ ಉಪಾಯ ಕಂಡುಹಿಡಿದ. ಜಗತ್ತಿನಾದ್ಯಂತ ಇಂದಿಗೂ ವೆನಿಲ್ಲಾ ಹೂವಿಗೆ ಪರಾಗ ಮುಟ್ಟಿಸುವುದು ಹಾಗೆಯೇ; 2000ದ ದಶಕದ ಆರಂಭದಲ್ಲಿ ಬೆಲೆಯ ಆಸೆಗೆ ವೆನಿಲ್ಲಾ ಹಾಕಿ ಬೆಳಗಿನ ಜಾವ ತೋಟಕ್ಕೆ ಓಡುತ್ತಿದ್ದ ಮಲೆನಾಡು, ದಕ್ಷಿಣ ಕನ್ನಡದ ರೈತರು ಕಲಿತದ್ದೂ ಅದೇ ಕೈಚಳಕ. ಎಡ್ಮಂಡ್‌ಗೆ 1848ರಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆಯೂ ಆಲ್ಬಿಯುಸ್ ಎಂಬ ಮನೆತನದ ಹೆಸರೂ ಸಿಕ್ಕಿದವು, ಹಣ ಸಿಗಲಿಲ್ಲ; ಬಡವನಾಗಿಯೇ ಸತ್ತ. ಸೇಂಟ್ ಫಿಲಿಪ್‌ನಲ್ಲಿ ಬಳ್ಳಿಯನ್ನು ಮರಗಳ ನೆರಳಿನಲ್ಲಿಯೇ ಹಬ್ಬಿಸುವ ಪದ್ಧತಿಯಿದೆ. ಹೂವಿನ ಕಾಲ ಸೆಪ್ಟೆಂಬರ್ ನಂತರವಾದ್ದರಿಂದ ನಿಮಗೆ ಹೂ ಕಾಣದು. ಬದಲಿಗೆ ಕೊಯ್ದ ಹಸಿರು ಕಾಯನ್ನು ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿಗೆ ಹರವಿ ಕಂದುಬಣ್ಣಕ್ಕೆ ತರುವ ಕೆಲಸ ಆಗ ಜೋರಾಗಿ ನಡೆಯುತ್ತಿರುತ್ತದೆ. ಬೆಳೆಗಾರರಲ್ಲಿ ಕೆಲವರು ಪ್ರವಾಸಿಗರಿಗೆ ತೋರಿಸಿ ಮಾರುತ್ತಾರೆ. ಬೆರಳಿಗೆ ಸುತ್ತಿದರೆ ಮುರಿಯದೆ ಬಳುಕುವ, ಎಣ್ಣೆಪಸೆಯ ಕಾಯನ್ನೇ ಆರಿಸಿ.

ಊಟದ ಬಗ್ಗೆ ಹೆದರಬೇಡಿ, ಎಚ್ಚರವಿರಲಿ. ಇಲ್ಲಿಯ ಮಾಮೂಲಿ ಊಟವೆಂದರೆ ಅನ್ನ, ಬೇಳೆಕಾಳಿನ ಸಾರು, ಸೊಪ್ಪಿನ ಪಲ್ಯ, ಖಾರದ ಟೊಮೇಟೊ ಚಟ್ನಿ, ಅರಿಸಿನ ಹಾಕಿದ ತರಕಾರಿಯ ಅಚಾರ್. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿನ ಕೆಲಸಕ್ಕೆ ಬಂದ ತಮಿಳರ ಕೈಗುಣ ಅಡುಗೆಯಲ್ಲಿ ಎದ್ದು ಕಾಣುತ್ತದೆ. ದಾರಿಬದಿಯಲ್ಲಿ ಸಿಗುವ ಬೋಂಬೋಂ ಪಿಮಾಂ ಎಂಬುದು ನಮ್ಮ ಅಂಬೊಡೆಗೆ ತೀರ ಹತ್ತಿರ. ಆದರೆ ಕಾಳಿನ ಸಾರಿಗೆ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಬೆರೆಸುವುದು ಸಾಮಾನ್ಯ, ಕೇಳದೆ ಬಡಿಸಿಕೊಳ್ಳಬೇಡಿ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಎಂದರೆ ಮಾಂಸ, ಮೀನು ಬೇಡವೆಂದು ಅರ್ಥವಾಗುತ್ತದೆ. ಇಂಗ್ಲಿಷ್ ತಿಳಿದವರು ಈ ಭಾಗದಲ್ಲಿ ಕಡಿಮೆ, ಫ್ರೆಂಚ್ ಮತ್ತು ಕ್ರಿಯೋಲ್ ಮಾತು. ಮಾರಿಷಸ್‌ನಲ್ಲಿರುವ ನಿಮ್ಮ ಮಗಳಿಗೆ ಕ್ರಿಯೋಲ್ ಸ್ವಲ್ಪ ಬರುತ್ತಿದ್ದರೆ ಅರ್ಧ ಕಷ್ಟ ಕಳೆದಂತೆಯೇ.

ವೀಸಾ ವಿಷಯದಲ್ಲಿ ಅಸಡ್ಡೆ ಮಾಡಬೇಡಿ. ಮಾರಿಷಸ್‌ಗೆ ಭಾರತೀಯರು ಸುಲಭವಾಗಿ ಹೋಗಬಹುದೆಂಬ ಅಭ್ಯಾಸದಲ್ಲಿ ರಿಯೂನಿಯನ್ನಿಗೂ ಹಾಗೆಯೇ ಹೊರಟು ವಿಮಾನ ನಿಲ್ದಾಣದಲ್ಲಿ ಪೇಚಿಗೆ ಸಿಲುಕಬಾರದು. ದ್ವೀಪ ಫ್ರಾನ್ಸಿನ ಭಾಗವಾದರೂ, ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯಕ್ಕೆ ಸೇರಿಲ್ಲ, ಆದ್ದರಿಂದ ಷೆಂಗೆನ್ ವೀಸಾ ಇದ್ದರೆ ಸಾಕೆಂದು ತಿಳಿಯಬೇಡಿ. ಅರ್ಜಿಯಲ್ಲಿ ರಿಯೂನಿಯನ್ ಎಂದು ನಮೂದಿಸಿ, ಭಾರತದಿಂದ ಹೊರಡುವ ಮೊದಲೇ ಫ್ರೆಂಚ್ ವೀಸಾ ಕೇಂದ್ರದಲ್ಲಿ ಇಂದಿನ ನಿಯಮ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಮಾರಿಷಸ್‌ನಿಂದ ವಿಮಾನದಲ್ಲಿ ಒಂದು ಗಂಟೆಯೂ ಹಿಡಿಯದು. ಹಣ ಯೂರೊ. ಬಸ್ಸುಗಳಿವೆಯಾದರೂ ಗ್ರಾಂ ಬ್ರೂಲೆಯಲ್ಲಿ ಬೇಕಾದಲ್ಲಿ ಇಳಿದು ಹತ್ತಲು ಕಾರೇ ಬೇಕು. ವಾಹನ ರಸ್ತೆಯ ಬಲಬದಿಯಲ್ಲಿ ಓಡುತ್ತದೆ, ಎಡಬದಿಯ ಮಾರಿಷಸ್ ಅಭ್ಯಾಸವಿರುವ ಅಳಿಯನವರಿಗೆ ಮೊದಲ ಅರ್ಧ ದಿನ ಗಮನವಿರಲಿ ಎಂದು ಹೇಳಿ.

ಆಗಸ್ಟ್ ಅಲ್ಲಿ ಚಳಿಗಾಲ. ದ್ವೀಪದ ಪಶ್ಚಿಮ ತೀರ ಒಣಗಿ ಬಿಸಿಲಿನಲ್ಲಿದ್ದಾಗಲೂ ಸೇಂಟ್ ಫಿಲಿಪ್‌ನಲ್ಲಿ ಗಾಳಿಮಳೆ ಇರಬಹುದು, ಮಧ್ಯಾಹ್ನದ ನಂತರವಂತೂ ಮೋಡ ಕಟ್ಟುವುದೇ ಹೆಚ್ಚು. ಹಾಗಾಗಿ ಮೊದಲ ದಿನ ವಿಮಾನದಿಂದಿಳಿದು ಪೂರ್ವದ ದಾರಿಯಲ್ಲಿ ಬಂದು ಲಾವಾಗಳನ್ನು ನೋಡಿ ಸಂಜೆಯೊಳಗೆ ತಂಗುವ ಮನೆ ಸೇರಿ. ಆರು ಗಂಟೆಯ ಹೊತ್ತಿಗೆಲ್ಲ ಕತ್ತಲಾಗುತ್ತದೆ, ಗ್ರಾಂ ಬ್ರೂಲೆಯಲ್ಲಿ ದೀಪಗಳಿಲ್ಲ. ಎರಡನೆಯ ದಿನ ಬೆಳಗ್ಗೆ ಏಳೂವರೆ ಎಂಟರೊಳಗೆ ಮಾರ್ ಲಾಂಗ್‌ನಲ್ಲಿರಿ, ಮಧ್ಯಾಹ್ನ ಕಾಪ್ ಮೆಶಾಂ ಬಳಿ ಊಟ, ಅನಂತರ ವೆನಿಲ್ಲಾ ಬೆಳೆಗಾರರ ಮನೆ. ಅಂದು ಮಳೆ ಹಿಡಿದರೆ ಕ್ರಮವನ್ನು ತಿರುಗಿಸಿ, ಕಾಡನ್ನು ಮೂರನೆಯ ದಿನದ ಬೆಳಗಿಗೆ ಇಟ್ಟುಕೊಳ್ಳಿ. ಮರಳುವ ವಿಮಾನದ ಟಿಕೆಟ್ಟನ್ನು ಸಂಜೆಗೇ ತೆಗೆಸಿದ್ದರೆ ಅದಕ್ಕೆ ಸಾಕಷ್ಟು ಸಮಯವಿರುತ್ತದೆ.